ಉಪಗ್ರಹ ನಡೆಸೋಕೆ ಎಐ: ವೇಳಾಪಟ್ಟಿ ಮತ್ತು ದೋಷ ಹುಡುಕಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಪಗ್ರಹದ ದಿನನಿತ್ಯದ ಕೆಲಸದಲ್ಲಿ ಎಐ ಬಳಸೋದರ ಬಗ್ಗೆ ವಿದ್ಯಾರ್ಥಿ ತಂಡಗಳು, ಸಾಫ್ಟ್‌ವೇರ್ ಕಡೆಯಿಂದ ಈ ಕ್ಷೇತ್ರಕ್ಕೆ ಬರುತ್ತಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆ ನನಗೆ ಸರಿ ಅನಿಸಿದ ಉತ್ತರಗಳು ಇಲ್ಲಿವೆ. ಉಡಾವಣೆ ವಿಷಯ ಇಲ್ಲಿಲ್ಲ. ಉಪಗ್ರಹ ಕಕ್ಷೆ ಸೇರಿದ ಮೇಲಿನ ಕೆಲಸ ಮಾತ್ರ.

ಉಪಗ್ರಹ ತನ್ನ ಪಾಡಿಗೆ ಸುತ್ತುತ್ತಿರುತ್ತದೆ ಅಲ್ವಾ? ದಿನಾ ನಡೆಸೋದು ಅಂದ್ರೆ ಏನು?

ಸುತ್ತೋದೇನೋ ಅದರ ಪಾಡಿಗೆ ಸುತ್ತುತ್ತದೆ. ಕೆಲಸ ಮಾತ್ರ ತನ್ನಷ್ಟಕ್ಕೆ ಆಗೋದಿಲ್ಲ. 500 ಕಿ.ಮೀ. ಎತ್ತರದ ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿ.ಮೀ. ವೇಗದಲ್ಲಿ ಓಡುತ್ತದೆ, ಒಂದು ಸುತ್ತಿಗೆ 95 ನಿಮಿಷ ಹತ್ತಿರ. ಒಂದು ನೆಲಕೇಂದ್ರದ ಮೇಲೆ ಹಾದುಹೋಗುವಾಗ ಅದರ ಜೊತೆ ಮಾತಾಡೋಕೆ ಸಿಗೋದು ಹೆಚ್ಚೆಂದರೆ ಹತ್ತು ನಿಮಿಷದ ಆಸುಪಾಸು. ಇದಕ್ಕೆ ಪಾಸ್ ಅಂತಾರೆ. ಆ ಹೊತ್ತಲ್ಲೇ ಹಳೆಯ ಡೇಟಾ ಇಳಿಸಬೇಕು, ಹೊಸ ಕಮಾಂಡ್ ಏರಿಸಬೇಕು, ಉಪಗ್ರಹದ ಆರೋಗ್ಯ ನೋಡಬೇಕು. ಪಾಸ್ ಮುಗಿದ ಮೇಲೆ ಮುಂದಿನದು ಬರುವ ತನಕ ಮೇಲೆ ಏನಾಗುತ್ತಿದೆ ಅನ್ನೋದು ನಿಮ್ಮ ಕಣ್ಣಿಗೆ ಕಾಣೋದಿಲ್ಲ. ಹಾಗಾಗಿ ಎಲ್ಲವನ್ನೂ ಮೊದಲೇ ಯೋಚಿಸಿ, ಸೆಕೆಂಡ್ ಲೆಕ್ಕದಲ್ಲಿ ಬರೆದು ಕಳಿಸಬೇಕು.

ವೇಳಾಪಟ್ಟಿ ಹಾಕೋದು ಅಷ್ಟು ಕಷ್ಟಾನಾ? ಎಕ್ಸೆಲ್ ಸಾಲದಾ?

ಒಂದು ಉಪಗ್ರಹ, ಒಂದು ಕ್ಯಾಮೆರಾ, ಒಂದು ನೆಲಕೇಂದ್ರ ಅಂದರೆ ಎಕ್ಸೆಲ್ ಧಾರಾಳವಾಗಿ ಸಾಕು. ಅಂಥ ಕಡೆ ಎಐ ತರೋದು ಸುಮ್ನೆ ಕೆಲಸ ಹೆಚ್ಚಿಸಿಕೊಳ್ಳೋದು.

ಕಷ್ಟ ಶುರುವಾಗೋದು ಬೇಡಿಕೆಗಳು ಒಂದಕ್ಕೊಂದು ಅಡ್ಡ ಬಂದಾಗ. ಈ ಫೋಟೊಗೆ ಉಪಗ್ರಹ ಎಡಕ್ಕೆ ವಾಲಬೇಕು, ಮುಂದಿನ ಫೋಟೊಗೆ ಬಲಕ್ಕೆ ವಾಲಬೇಕು, ತಿರುಗಿ ಅಲುಗಾಟ ನಿಲ್ಲೋಕೆ ಒಂದಷ್ಟು ಸೆಕೆಂಡ್ ಬೇಕು, ಅಷ್ಟರಲ್ಲಿ ಎರಡನೇ ಜಾಗ ಹಿಂದೆ ಹೋಗಿಬಿಟ್ಟಿರುತ್ತದೆ. ಮೆಮೊರಿ ತುಂಬಿದೆ, ಖಾಲಿ ಮಾಡೋಕೆ ಪಾಸ್ ಬೇಕು, ಆ ಪಾಸ್‌ನಲ್ಲಿ ಆಂಟೆನಾ ಕೇಂದ್ರದ ಕಡೆ ಮುಖ ಮಾಡಬೇಕು, ಅಂದ್ರೆ ಆ ಹೊತ್ತಲ್ಲಿ ಫೋಟೊ ಇಲ್ಲ. ಹೆಚ್ಚಿನ ಕಕ್ಷೆಗಳಲ್ಲಿ ಪ್ರತಿ ಸುತ್ತಿನಲ್ಲೂ ಸುಮಾರು ಮೂರನೇ ಒಂದು ಭಾಗದಷ್ಟು ಸಮಯ ಭೂಮಿಯ ನೆರಳು, ಆಗ ಬ್ಯಾಟರಿಯೇ ಗತಿ, ಬ್ಯಾಟರಿಯನ್ನು ಜಾಸ್ತಿ ಇಳಿಸಿದರೆ ಅದರ ಆಯಸ್ಸು ಕಡಿಮೆ. ಇದರ ಮೇಲೆ ಮೋಡ, ತುರ್ತು ಬೇಡಿಕೆ, ಬೇರೆ ಉಪಗ್ರಹಗಳಿಗೂ ಅದೇ ಆಂಟೆನಾ ಬೇಕಾಗಿರೋದು.

ಲೆಕ್ಕ ನೋಡಿ. 100 ಬೇಡಿಕೆ ಇವೆ, ಒಂದೊಂದಕ್ಕೂ ಹೌದು ಅಥವಾ ಇಲ್ಲ ಅನ್ನಬೇಕು ಅಷ್ಟೇ ಅಂದುಕೊಳ್ಳಿ. ಆದರೂ ಆಯ್ಕೆಗಳ ಸಂಖ್ಯೆ 1ರ ಮುಂದೆ 30 ಸೊನ್ನೆ ದಾಟುತ್ತದೆ. ಎಲ್ಲವನ್ನೂ ಪರೀಕ್ಷೆ ಮಾಡಿ ನೋಡೋಕೆ ಯಾವ ಕಂಪ್ಯೂಟರಿಗೂ ಆಗೋದಿಲ್ಲ. ಜಾಣತನದಿಂದ ಹುಡುಕಬೇಕು.

ಇದೆಲ್ಲ ಚಾಟ್‌ಬಾಟ್‌ಗಳು ಬಂದ ಮೇಲೆ ಶುರುವಾದದ್ದಾ?

ಇಲ್ಲ, ತುಂಬಾ ಹಳೆಯದು. ಹಬಲ್ ದೂರದರ್ಶಕ 1990ರಲ್ಲಿ ಮೇಲೆ ಹೋಗುವ ಮುಂಚೆಯೇ ಅದರ ವೀಕ್ಷಣೆಗಳನ್ನು ಹೊಂದಿಸೋಕೆ ಸ್ಪೈಕ್ ಅನ್ನೋ ಎಐ ವ್ಯವಸ್ಥೆ ಕಟ್ಟಿದ್ದರು. ಅದರಲ್ಲಿ ಒಂದು ನ್ಯೂರಲ್ ನೆಟ್‌ವರ್ಕ್ ಇತ್ತು. ಅದು ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಬಿಡಿಸಿ ನೋಡಿದಾಗ ಒಂದು ಸರಳ ಉಪಾಯ ಸಿಕ್ಕಿತು. ಮೊದಲು ತಪ್ಪಿದ್ದರೂ ಪರವಾಗಿಲ್ಲ, ಒಂದು ಪೂರ್ತಿ ಪಟ್ಟಿ ಹಾಕು. ಆಮೇಲೆ ಜಗಳವಾಡುತ್ತಿರುವ ಒಂದೊಂದೇ ಕೆಲಸವನ್ನು ಎತ್ತಿ, ಅತಿ ಕಡಿಮೆ ತೊಡಕು ಆಗುವ ಜಾಗಕ್ಕೆ ಸರಿಸು. ಮಿನ್-ಕಾನ್‌ಫ್ಲಿಕ್ಟ್ಸ್ ಅಂತ ಇವತ್ತು ಎಐ ತರಗತಿಗಳಲ್ಲಿ ಕಲಿಸುವ ವಿಧಾನ ಹುಟ್ಟಿದ್ದು ಹೀಗೆ. ವೇಳಾಪಟ್ಟಿ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಇದನ್ನೇ ಕೈಯಾರೆ ಬರೆದು ನೋಡಲಿ ಅನ್ನೋದು ನನ್ನ ಆಸೆ.

ಆಮೇಲೆ 1999ರ ಮೇ ತಿಂಗಳಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯನ್ನು ರಿಮೋಟ್ ಏಜೆಂಟ್ ಅನ್ನೋ ಎಐ ಸಾಫ್ಟ್‌ವೇರ್ ಕೈಗೆ ಕೊಟ್ಟು ನೋಡಿದರು. ತಾನೇ ಯೋಜನೆ ಹಾಕಿ, ತಾನೇ ನಡೆಸಿ, ಬೇಕೆಂದೇ ಹುಟ್ಟಿಸಿದ ದೋಷಗಳನ್ನು ತಾನೇ ಗುರುತಿಸಿತು. ಮಧ್ಯದಲ್ಲಿ ಒಂದು ಕಡೆ ಎಂಜಿನ್ ಆರಿಸಬೇಕಾದ ಹೊತ್ತಿಗೆ ಆರಿಸಲಿಲ್ಲ. ಎರಡು ಪ್ರೋಗ್ರಾಂ ಎಳೆಗಳು ಒಂದಕ್ಕೊಂದು ಕಾಯುತ್ತಾ ಸಿಕ್ಕಿಹಾಕಿಕೊಂಡಿದ್ದವು. ನೆಲದ ಮೇಲಿನ ಪರೀಕ್ಷೆಗಳಲ್ಲಿ ಅದು ಕಾಣಿಸಿಕೊಂಡಿರಲಿಲ್ಲ. ತಂಡ ಕಾರಣ ಕಂಡುಹಿಡಿದು, ಇನ್ನೊಂದು ಚಿಕ್ಕ ಪ್ರಯೋಗ ಮಾಡಿ, ಉಳಿದ ಗುರಿಗಳನ್ನೂ ಮುಗಿಸಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅರ್ಥ್ ಅಬ್ಸರ್ವಿಂಗ್-1. 2000ದಲ್ಲಿ ಹಾರಿದ ಈ ಉಪಗ್ರಹಕ್ಕೆ ಆಮೇಲೆ ಸ್ವಂತ ಯೋಜನೆ ಹಾಕುವ ಸಾಫ್ಟ್‌ವೇರ್ ಏರಿಸಿದರು. 2004ರಲ್ಲಿ ಅಂಟಾರ್ಕ್ಟಿಕಾದ ಎರಿಬಸ್ ಜ್ವಾಲಾಮುಖಿಯ ಬಿಸಿಯನ್ನು ಚಿತ್ರದಲ್ಲಿ ತಾನೇ ಗುರುತಿಸಿ, ಮತ್ತೊಮ್ಮೆ ಅಲ್ಲಿನ ಚಿತ್ರ ತೆಗೆಯಲು ತನ್ನ ಪಟ್ಟಿಯನ್ನು ತಾನೇ ಬದಲಿಸಿಕೊಂಡಿತು. ಆ ವ್ಯವಸ್ಥೆ ಉಪಗ್ರಹ ನಿವೃತ್ತಿಯಾದ 2017ರ ತನಕ ಕೆಲಸ ಮಾಡಿತು.

ಈಗಿನ ದೊಡ್ಡ ಭಾಷಾ ಮಾದರಿಗೆ (ಚಾಟ್‌ಬಾಟ್‌ಗಳ ಒಳಗಿರುವ ಎಐಗೆ) ನಾಳೆಯ ವೇಳಾಪಟ್ಟಿ ಹಾಕು ಅಂದ್ರೆ ಹಾಕುತ್ತಾ?

ಹಾಕಿಕೊಡುತ್ತದೆ, ನೋಡೋಕೆ ಚೆನ್ನಾಗಿಯೂ ಇರುತ್ತದೆ. ಅದೇ ತೊಂದರೆ. ನೂರಾರು ಸಮಯದ ಕಿಂಡಿಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಜೋಡಿಸೋದು, ಬ್ಯಾಟರಿ ಮಟ್ಟವನ್ನು ನಿಮಿಷ ನಿಮಿಷಕ್ಕೂ ಲೆಕ್ಕ ಹಾಕೋದು ಭಾಷಾ ಮಾದರಿಗೆ ಒಗ್ಗುವ ಕೆಲಸ ಅಲ್ಲ. ಇಲ್ಲದ ಕಮಾಂಡ್ ಹೆಸರನ್ನು ಇದೆ ಅನ್ನೋ ಹಾಗೆ ಬರೆದುಬಿಡಬಹುದು.

ಅದಕ್ಕೆ ಬೇರೆ ಕೆಲಸ ಕೊಡಿ. ಬೇಡಿಕೆದಾರರು ಮಾಮೂಲಿ ಮಾತಲ್ಲಿ ಬರೆದ ಮನವಿಯನ್ನು ನಿಯಮಗಳ ರೂಪಕ್ಕೆ ತರೋದು, ಅಂದ್ರೆ ಮೋಡ ಕಡಿಮೆ ಇರುವಾಗ, ಬೆಳಗಿನ ಬೆಳಕಲ್ಲಿ, ಹತ್ತು ದಿನದೊಳಗೆ ಅನ್ನೋದನ್ನು ಅಂಕಿಗಳಾಗಿ ಬಿಡಿಸೋದು. ಹಾಕಿದ ಪಟ್ಟಿಯಲ್ಲಿ ಒಂದು ಬೇಡಿಕೆ ಯಾಕೆ ಬಿಟ್ಟುಹೋಯಿತು ಅಂತ ವಿವರಿಸೋದು. ಹಳೆಯ ಲಾಗ್‌ಗಳಲ್ಲಿ ಇಂಥದ್ದೇ ಘಟನೆ ಹುಡುಕೋದು. ಇವುಗಳಲ್ಲಿ ಅದು ನಿಜವಾಗಿಯೂ ಸಮಯ ಉಳಿಸುತ್ತದೆ. ಪಟ್ಟಿ ಹಾಕುವ ಕೆಲಸ ಮಾತ್ರ ಸಾಲ್ವರ್, ಅಂದ್ರೆ ನಿಯಮಗಳಿಗೆ ಹೊಂದುವ ಉತ್ತರವನ್ನು ಲೆಕ್ಕ ಹಾಕಿ ಹುಡುಕುವ ಸಾಫ್ಟ್‌ವೇರ್ ಕೈಯಲ್ಲೇ ಇರಲಿ.

ಯಾವ ಸಾಲ್ವರ್? ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಬಗ್ಗೆ ಏನಂತೀರಿ?

ಚಿಕ್ಕ ಮತ್ತು ಮಧ್ಯಮ ಗಾತ್ರದ ಸಮಸ್ಯೆಗೆ ಕನ್‌ಸ್ಟ್ರೇಂಟ್ ಪ್ರೋಗ್ರಾಮಿಂಗ್, ಅಂದ್ರೆ ನಿಯಮಗಳನ್ನು ಬರೆದುಕೊಟ್ಟು ಅವಕ್ಕೆ ಹೊಂದುವ ಉತ್ತರ ಹುಡುಕಿಸೋದು. ಗೂಗಲ್‌ನ ಓಆರ್-ಟೂಲ್ಸ್ ಉಚಿತ, ಅದರೊಳಗಿನ ಸಿಪಿ-ಸ್ಯಾಟ್ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ದೊಡ್ಡದಾದರೆ ಮೊದಲು ಮುಖ್ಯವಾದದ್ದನ್ನು ತುಂಬುವ ಸರಳ ವಿಧಾನದಿಂದ ಒಂದು ಪಟ್ಟಿ ಹಾಕಿ, ಆಮೇಲೆ ಅದನ್ನು ಸ್ಥಳೀಯ ಹುಡುಕಾಟದಿಂದ, ಅಂದ್ರೆ ಅಲ್ಲಲ್ಲಿ ಚಿಕ್ಕ ಚಿಕ್ಕ ಬದಲಾವಣೆ ಮಾಡಿ ನೋಡುತ್ತಾ, ತಿದ್ದುತ್ತಾ ಹೋಗಿ.

ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್‌ಗೆ, ಅಂದ್ರೆ ಮಾಡಿ ನೋಡಿ, ಸಿಕ್ಕ ಅಂಕದಿಂದ ಕಲಿಯುವ ವಿಧಾನಕ್ಕೆ, ಒಂದು ದೊಡ್ಡ ಗುಣ ಇದೆ. ಕಲಿಯೋಕೆ ತುಂಬಾ ಹೊತ್ತು ತೆಗೆದುಕೊಂಡರೂ, ಕಲಿತ ಮೇಲೆ ಕ್ಷಣದಲ್ಲಿ ತೀರ್ಮಾನ ಕೊಡುತ್ತದೆ. ಪರಿಸ್ಥಿತಿ ಬೇಗ ಬೇಗ ಬದಲಾಗುವ ಕಡೆ, ಉಪಗ್ರಹದ ಒಳಗಿನ ಚಿಕ್ಕ ಕಂಪ್ಯೂಟರಲ್ಲಿ ಇದು ಉಪಯೋಗ. ಆದರೆ ಅದು ಕಲಿಯೋದು ನಿಮ್ಮ ಸಿಮ್ಯುಲೇಟರ್‌ನಲ್ಲಿ, ಅಂದ್ರೆ ಉಪಗ್ರಹದ ಹಾಗೆ ನಟಿಸುವ ಸಾಫ್ಟ್‌ವೇರ್‌ನಲ್ಲಿ. ಸಿಮ್ಯುಲೇಟರ್‌ನಲ್ಲಿ ಬ್ಯಾಟರಿ ಹೊಸದಾಗಿದ್ದು ಮೇಲಿನದು ನಾಲ್ಕು ವರ್ಷ ಹಳೆಯದಾಗಿದ್ದರೆ, ಕಲಿತದ್ದು ಬೇರೆ ಉಪಗ್ರಹದ ಬಗ್ಗೆ ಅಂತಲೇ ಲೆಕ್ಕ. ನೆಲದಲ್ಲಿ ಕೂತು ಮರುದಿನದ ಪಟ್ಟಿ ಹಾಕೋಕೆ ನಾನಂತೂ ಸಾಲ್ವರನ್ನೇ ಆರಿಸುತ್ತೇನೆ. ಅದು ನಿಯಮ ಮುರಿಯೋದಿಲ್ಲ, ಆಗದಿದ್ದರೆ ಆಗಲ್ಲ ಅಂತ ಹೇಳುತ್ತದೆ.

ಮೋಡ ಕವಿದರೆ ಫೋಟೊ ವ್ಯರ್ಥ ಅಲ್ವಾ?

ಹೌದು, ಯಾವ ಹೊತ್ತಿನಲ್ಲಿ ನೋಡಿದರೂ ಭೂಮಿಯ ಸುಮಾರು ಮೂರರಲ್ಲಿ ಎರಡು ಭಾಗ ಮೋಡದ ಕೆಳಗೇ ಇರುತ್ತದೆ. ಇದಕ್ಕೆ ಮೂರು ಹಂತದ ಪರಿಹಾರ ಬಂದಿದೆ. ಒಂದು, ಹವಾಮಾನ ಮುನ್ಸೂಚನೆ ನೋಡಿ ಪಟ್ಟಿ ಹಾಕೋದು. ಎರಡು, ಯುರೋಪಿನ ಬಾಹ್ಯಾಕಾಶ ಸಂಸ್ಥೆ ಈಸಾದ ಫೈಸ್ಯಾಟ್-1 ತೋರಿಸಿದ ದಾರಿ. 2020ರ ಸೆಪ್ಟೆಂಬರಿನಲ್ಲಿ ಹಾರಿದ ಅದು ಮೋಡ ತುಂಬಿದ ಚಿತ್ರಗಳನ್ನು ಒಳಗೇ ಇದ್ದ ಎಐ ಚಿಪ್‌ನಿಂದ ಗುರುತಿಸಿ, ಕೆಳಗೆ ಇಳಿಸುವ ಮೊದಲೇ ತೆಗೆದುಹಾಕುವ ಪ್ರಯೋಗ ಮಾಡಿತು. ಮೂರನೆಯದು ಇನ್ನೂ ಹೊಸದು. 2025ರ ಜುಲೈಯಲ್ಲಿ ಕಾಗ್ನಿಸ್ಯಾಟ್-6 ಅನ್ನೋ ಪುಟ್ಟ ಉಪಗ್ರಹದಲ್ಲಿ ನಾಸಾದ ಜೆಪಿಎಲ್ ಪ್ರಯೋಗಾಲಯ ಪರೀಕ್ಷೆ ಮಾಡಿತು. ಅದು ಮುಂದಕ್ಕೆ ಬಾಗಿ, ಸುಮಾರು 500 ಕಿ.ಮೀ. ದೂರದ ದಾರಿಯನ್ನು ನೋಡಿ, ಮೋಡ ಎಲ್ಲಿದೆ ಎಲ್ಲಿಲ್ಲ ಅಂತ ತಿಳಿದುಕೊಂಡು, 90 ಸೆಕೆಂಡಿನೊಳಗೆ ಕ್ಯಾಮೆರಾ ಎತ್ತ ತಿರುಗಿಸಬೇಕು ಅಂತ ನೆಲದ ಸಹಾಯ ಇಲ್ಲದೆ ತೀರ್ಮಾನಿಸಿತು. ಪಾಸ್‌ಗಾಗಿ ಕಾಯುವ ಕಾಲದಿಂದ ಇಲ್ಲಿಗೆ ಬಂದಿದ್ದೇವೆ ಅನ್ನೋದು ನನಗೆ ತುಂಬಾ ಖುಷಿ ಕೊಡುವ ವಿಷಯ.

ಇನ್ನು ದೋಷ ಹುಡುಕೋ ಕಡೆ ಬರೋಣ. ಎಐ ಏನನ್ನು ನೋಡುತ್ತದೆ?

ಟೆಲಿಮೆಟ್ರಿಯನ್ನು, ಅಂದ್ರೆ ಉಪಗ್ರಹ ತನ್ನ ಸ್ಥಿತಿಯ ಬಗ್ಗೆ ಕೆಳಗೆ ಕಳಿಸುವ ಅಳತೆಗಳನ್ನು. ಉಷ್ಣತೆ, ವೋಲ್ಟೇಜ್, ಕರೆಂಟ್, ಚಕ್ರಗಳ ವೇಗ, ಕಂಪ್ಯೂಟರ್ ಎಷ್ಟು ಸಲ ರೀಸೆಟ್ ಆಯಿತು, ಹೀಗೆ ಸಾವಿರಾರು ಅಳತೆಗಳು ಬರುತ್ತವೆ. ಹಳೆಯ ಪದ್ಧತಿ ಅಂದ್ರೆ ಪ್ರತಿ ಅಳತೆಗೂ ಮೇಲಿನ ಮಿತಿ, ಕೆಳಗಿನ ಮಿತಿ. ದಾಟಿದರೆ ಕೆಂಪು. ಈ ಪದ್ಧತಿಯನ್ನು ತೆಗೆಯಬೇಡಿ, ಅದು ಇವತ್ತಿಗೂ ಮೊದಲ ಕಾವಲು.

ಅದಕ್ಕೆ ಕಾಣದ್ದು ಒಂದಿದೆ. ಬ್ಯಾಟರಿ 22 ಡಿಗ್ರಿ ಇರೋದು ಮಿತಿಯೊಳಗೇ. ಆದರೆ ನೆರಳಿನಲ್ಲಿ, ಹೀಟರ್ ಆರಿಸಿದ್ದಾಗ ಪ್ರತಿ ಸುತ್ತಿನಲ್ಲೂ 15ಕ್ಕೆ ಇಳಿಯುತ್ತಿದ್ದದ್ದು ಇವತ್ತು 22ರಲ್ಲೇ ನಿಂತಿದೆ ಅಂದರೆ ಏನೋ ಆಗಿದೆ. ಕಲಿಯುವ ಮಾದರಿ ಹಿಂದಿನ ನಡವಳಿಕೆಯಿಂದ ಮುಂದಿನ ಅಳತೆ ಇಷ್ಟಿರಬೇಕು ಅಂತ ಅಂದಾಜು ಮಾಡುತ್ತದೆ, ನಿಜವಾಗಿ ಬಂದದ್ದು ಅದಕ್ಕಿಂತ ತುಂಬಾ ದೂರ ಇದ್ದರೆ ಎಚ್ಚರಿಕೆ ಕೊಡುತ್ತದೆ. ಜೆಪಿಎಲ್ 2018ರಲ್ಲಿ ಮಣ್ಣಿನ ತೇವ ಅಳೆಯುವ ಸ್ಮ್ಯಾಪ್ ಉಪಗ್ರಹ ಮತ್ತು ಮಂಗಳದ ಕ್ಯೂರಿಯಾಸಿಟಿ ರೋವರ್‌ನ ಡೇಟಾ ಇಟ್ಟುಕೊಂಡು ಎಲ್‌ಎಸ್‌ಟಿಎಂ ಅನ್ನೋ, ಸಾಲಾಗಿ ಬರುವ ಅಳತೆಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್ ಮಾದರಿಯಿಂದ ಇದನ್ನೇ ಮಾಡಿತು, ಡೇಟಾವನ್ನೂ ಎಲ್ಲರಿಗೂ ತೆರೆದಿಟ್ಟಿತು.

ನಿಧಾನವಾಗಿ ಕೆಡುವ ಭಾಗಗಳಲ್ಲಿ ಇದರ ಬೆಲೆ ಜಾಸ್ತಿ. ಉಪಗ್ರಹವನ್ನು ತಿರುಗಿಸುವ ರಿಯಾಕ್ಷನ್ ವೀಲ್ ಒಮ್ಮೆಲೇ ನಿಲ್ಲೋದು ಕಡಿಮೆ. ಎಷ್ಟೋ ಸಲ ಅದಕ್ಕೂ ಮುಂಚೆ ಘರ್ಷಣೆ ಏರುತ್ತದೆ, ಅದೇ ವೇಗಕ್ಕೆ ಜಾಸ್ತಿ ಕರೆಂಟ್ ಎಳೆಯುತ್ತದೆ. ಕೆಪ್ಲರ್ ದೂರದರ್ಶಕ 2012ರಲ್ಲಿ ಒಂದು, 2013ರಲ್ಲಿ ಇನ್ನೊಂದು ಚಕ್ರ ಕಳೆದುಕೊಂಡಿತು. ಇಂಥ ಏರಿಕೆಯನ್ನು ಮೊದಲೇ ಹಿಡಿದರೆ ಚಕ್ರಕ್ಕೆ ವಿಶ್ರಾಂತಿ ಕೊಡುವ ಹಾಗೆ ವೇಳಾಪಟ್ಟಿಯನ್ನೇ ಬದಲಿಸಬಹುದು. ದೋಷ ಹುಡುಕಾಟ ಮತ್ತು ವೇಳಾಪಟ್ಟಿ ಎರಡೂ ಒಂದೇ ತಂಡದ ಮೇಜಿನ ಮೇಲಿರಬೇಕು ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ.

ಸುಳ್ಳು ಎಚ್ಚರಿಕೆಗಳು ತುಂಬಾ ಬರುತ್ತವೆ ಅಂತಾರೆ, ನಿಜಾನಾ?

ನಿಜ, ಮತ್ತು ಎಐ ಸೋಲೋದು ಹೆಚ್ಚಾಗಿ ಇಲ್ಲೇ. ರಾತ್ರಿ ಪಾಳಿಯವರಿಗೆ ಹತ್ತು ಸಲ ಸುಳ್ಳು ಎಚ್ಚರಿಕೆ ಬಂದರೆ ಹನ್ನೊಂದನೆಯದನ್ನು ಅವರು ತೆರೆದು ನೋಡೋದಿಲ್ಲ. ಅದು ಅವರ ತಪ್ಪಲ್ಲ.

ಕಾರಣ ಬಹಳ ಸಲ ಮಾದರಿಯಲ್ಲಿ ಇರೋದಿಲ್ಲ, ಡೇಟಾದಲ್ಲಿ ಇರುತ್ತದೆ. ಕಕ್ಷೆ ಸರಿಪಡಿಸೋಕೆ ನೀವೇ ಥ್ರಸ್ಟರ್ (ಉಪಗ್ರಹದ ಪುಟ್ಟ ಎಂಜಿನ್) ಉರಿಸಿದ್ದೀರಿ, ಮಾದರಿಗೆ ಅದು ಗೊತ್ತಿಲ್ಲ, ಅದು ಹೆದರಿ ಕೂಗುತ್ತದೆ. ಆದ್ದರಿಂದ ಕಮಾಂಡ್ ಪಟ್ಟಿ, ನೆರಳಿನ ಸಮಯ, ಉಪಕರಣ ಯಾವ ಸ್ಥಿತಿಯಲ್ಲಿದೆ ಅನ್ನೋದನ್ನೂ ಟೆಲಿಮೆಟ್ರಿ ಜೊತೆ ಮಾದರಿಗೆ ಕೊಡಿ. ಇಷ್ಟು ಮಾಡಿದರೆ ಗಲಾಟೆ ತುಂಬಾ ಇಳಿಯುತ್ತದೆ. ಜೊತೆಗೆ ಒಂದೇ ಮೂಲದ ಮೂವತ್ತು ಎಚ್ಚರಿಕೆಗಳನ್ನು ಒಂದೇ ಘಟನೆಯಾಗಿ ಗುಂಪು ಮಾಡಿ.

ಇನ್ನೊಂದು ಮಾತು. ಸಂಶೋಧನಾ ಲೇಖನಗಳಲ್ಲಿ ಕಾಣುವ ದೊಡ್ಡ ದೊಡ್ಡ ಅಂಕಗಳನ್ನು ಎಚ್ಚರದಿಂದ ಓದಿ. ಒಂದು ದೋಷದ ಅವಧಿಯಲ್ಲಿ ಒಂದೇ ಒಂದು ಬಿಂದು ಹಿಡಿದರೂ ಇಡೀ ಅವಧಿ ಹಿಡಿದ ಹಾಗೆ ಲೆಕ್ಕ ಹಾಕುವ ಪದ್ಧತಿ ತುಂಬಾ ಕಾಲ ನಡೆದಿದೆ. ಆ ಲೆಕ್ಕದಲ್ಲಿ ಕಣ್ಣುಮುಚ್ಚಿ ಊಹೆ ಮಾಡಿದರೂ ಒಳ್ಳೆಯ ಅಂಕ ಬರುತ್ತದೆ. ನಿಮಗೆ ಬೇಕಾದದ್ದು ಎರಡೇ ಪ್ರಶ್ನೆ: ವಾರಕ್ಕೆ ಎಷ್ಟು ಸುಳ್ಳು ಕೂಗು? ನಿಜವಾದ ದೋಷವನ್ನು ಮಿತಿ ದಾಟುವ ಎಷ್ಟು ಹೊತ್ತು ಮೊದಲು ಹಿಡಿಯಿತು?

ಕಾರಣವನ್ನೂ ಎಐ ಹೇಳಬಲ್ಲದಾ?

ಅರ್ಧ. ಏನೋ ಬದಲಾಗಿದೆ ಅಂತ ಹೇಳೋದು ಸುಲಭ, ಯಾಕೆ ಅಂತ ಹೇಳೋದು ಕಷ್ಟ. ಅದಕ್ಕೆ ಉಪಗ್ರಹದ ಒಳರಚನೆ ಗೊತ್ತಿರಬೇಕು. ಯಾವ ಸ್ವಿಚ್ ಯಾವ ಹೀಟರಿಗೆ, ಯಾವ ಫ್ಯೂಸ್ ಯಾವ ಲೈನಿಗೆ. ರಿಮೋಟ್ ಏಜೆಂಟ್‌ನೊಳಗೆ ಲಿವಿಂಗ್‌ಸ್ಟನ್ ಅನ್ನೋ ಭಾಗ ಇಂಥ ರಚನೆಯ ಮಾದರಿಯಿಂದಲೇ ತರ್ಕ ಮಾಡುತ್ತಿತ್ತು. ಈ ಲಕ್ಷಣಗಳೆಲ್ಲ ಒಟ್ಟಿಗೆ ಕಾಣಬೇಕಾದರೆ ಯಾವ ಭಾಗ ಕೆಟ್ಟಿರಬಹುದು, ಅತಿ ಸಾಧ್ಯವಾದದ್ದು ಯಾವುದು ಅಂತ. ಅಂಥ ರಚನೆಯ ಜ್ಞಾನವನ್ನು ಈಗಿನ ಕಲಿಕೆಯ ಮಾದರಿಗಳ ಜೊತೆ ಸೇರಿಸೋದೇ ಒಳ್ಳೆ ದಾರಿ ಅನ್ನೋದು ನನ್ನ ಅಭಿಪ್ರಾಯ.

ಹಿಂದೆಂದೂ ಆಗದ ದೋಷ ಬಂದಾಗ ಮನುಷ್ಯರೇ ಬೇಕು. 2023ರ ನವೆಂಬರಿನಲ್ಲಿ, ತುಂಬಾ ದೂರ ಹೋಗಿರುವ ನಾಸಾದ ನೌಕೆ ವಾಯೇಜರ್ 1 ಅರ್ಥವಿಲ್ಲದ ಡೇಟಾ ಕಳಿಸೋಕೆ ಶುರುಮಾಡಿತು. ಒಂದು ಸಂದೇಶ ಅಲ್ಲಿಗೆ ಮುಟ್ಟೋಕೆ ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರೋಕೆ ಮತ್ತೆ ಅಷ್ಟೇ. ಎಂಜಿನಿಯರುಗಳು ದಶಕಗಳ ಹಿಂದಿನ ಕಾಗದಗಳನ್ನು ತೆಗೆದು, ಮೆಮೊರಿಯ ಒಂದು ಚಿಪ್ ಕೆಟ್ಟಿದೆ ಅಂತ ಕಂಡುಹಿಡಿದು, ಅಲ್ಲಿದ್ದ ಕೋಡನ್ನು ತುಂಡು ತುಂಡು ಮಾಡಿ ಬೇರೆ ಬೇರೆ ಜಾಗಕ್ಕೆ ಸಾಗಿಸಿದರು. 2024ರ ಏಪ್ರಿಲಿನಲ್ಲಿ ಓದಬಲ್ಲ ಡೇಟಾ ಮತ್ತೆ ಬಂತು. ಹಳೆಯ ಕಾಗದಗಳನ್ನು ಬೇಗ ಹುಡುಕಿಕೊಡೋಕೆ ಇವತ್ತಿನ ಎಐ ಸಹಾಯ ಮಾಡಬಹುದು. ಕೋಡನ್ನು ಹಾಗೆ ಹರಡಿ ಇಡೋಣ ಅನ್ನೋ ಧೈರ್ಯದ ತೀರ್ಮಾನ ಮಾತ್ರ ಆ ಜನರದ್ದು.

ಎಐಗೆ ನೇರವಾಗಿ ಕಮಾಂಡ್ ಕಳಿಸೋ ಅಧಿಕಾರ ಕೊಡಬಹುದಾ?

ಕೆಲವಕ್ಕೆ ಕೊಡಿ, ಕೆಲವಕ್ಕೆ ಬೇಡ. ತಪ್ಪಾದರೂ ಆಮೇಲೆ ಸರಿಮಾಡಬಹುದು ಅನ್ನುವಂಥವು ಅದರ ಕೈಯಲ್ಲಿ ಇರಲಿ: ಒಂದು ಫೋಟೊ ಬಿಡೋದು, ಪಾಸ್ ಬದಲಿಸೋದು, ಉಪಕರಣವನ್ನು ತಾತ್ಕಾಲಿಕವಾಗಿ ಆರಿಸೋದು. ಥ್ರಸ್ಟರ್ ಉರಿಸೋದು, ಸಾಫ್ಟ್‌ವೇರ್ ಬದಲಿಸೋದು, ಸೇಫ್ ಮೋಡ್‌ನ (ತೊಂದರೆಯಾದಾಗ ಉಪಗ್ರಹ ತನ್ನನ್ನು ಕಾಪಾಡಿಕೊಳ್ಳಲು ಹೋಗುವ ಸ್ಥಿತಿಯ) ಅಂಕಿಗಳನ್ನು ಮುಟ್ಟೋದು ಇಬ್ಬರು ಮನುಷ್ಯರ ಒಪ್ಪಿಗೆ ಇಲ್ಲದೆ ಆಗಬಾರದು.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ ಜಪಾನಿನ ಹಿಟೋಮಿ ನೆನಪಿದೆ. 2016ರ ಫೆಬ್ರವರಿಯಲ್ಲಿ ಹಾರಿದ ಆ ಎಕ್ಸ್-ರೇ ದೂರದರ್ಶಕ ಮಾರ್ಚ್ 26ರಂದು ಕೈತಪ್ಪಿತು. ಅಲ್ಲಿ ಎಐ ಇರಲಿಲ್ಲ, ಮಾಮೂಲಿ ಸ್ವಯಂಚಾಲಿತ ನಿಯಂತ್ರಣವೇ ಇದ್ದದ್ದು. ಉಪಗ್ರಹ ತಿರುಗುತ್ತಿಲ್ಲದಿದ್ದರೂ ತಿರುಗುತ್ತಿದೆ ಅಂತ ವ್ಯವಸ್ಥೆ ನಂಬಿತು, ಅದನ್ನು ತಡೆಯೋಕೆ ಹೋಗಿ ನಿಜವಾಗಿಯೂ ತಿರುಗಿಸಿತು, ಕೊನೆಗೆ ಕಾಪಾಡಬೇಕಾದ ಸೇಫ್ ಮೋಡ್ ಸರಿಯಾಗಿ ಪರೀಕ್ಷೆ ಆಗದ ತಪ್ಪು ಅಂಕಿಯಿಂದ ಥ್ರಸ್ಟರ್ ಉರಿಸಿ ತಿರುಗಾಟವನ್ನು ಇನ್ನೂ ಜೋರು ಮಾಡಿತು. ಸೌರಫಲಕಗಳು ಮುರಿದು ಬೇರೆಯಾದವು. ತಾನು ನಂಬಿದ್ದನ್ನು ಬೇರೆ ದಾರಿಯಿಂದ ಪರೀಕ್ಷಿಸದ ಯಾವ ಯಂತ್ರಕ್ಕೂ ಇದು ಆಗಬಹುದು, ಎಐಗೂ ಆಗಬಹುದು.

ಹಾಗಾಗಿ ಎಐ ಮತ್ತು ಆಂಟೆನಾ ನಡುವೆ ಒಂದು ಸರಳ ನಿಯಮ ಪರೀಕ್ಷಕ ಇರಲೇಬೇಕು. ಅದು ಏನನ್ನೂ ಕಲಿಯಬಾರದು. ಬ್ಯಾಟರಿ ಇಷ್ಟಕ್ಕಿಂತ ಇಳಿಯಬಾರದು, ಕ್ಯಾಮೆರಾ ಸೂರ್ಯನ ಕಡೆ ತಿರುಗಬಾರದು, ಕಳಿಸುವ ಕಮಾಂಡ್ ಒಪ್ಪಿಗೆಯಾದ ಪಟ್ಟಿಯಲ್ಲಿ ಇರಲೇಬೇಕು. ಅಷ್ಟೇ. ಅದನ್ನು ಬದಲಿಸುವ ಅಧಿಕಾರ ಎಐಗೆ ಇರಬಾರದು.

ಡಿಕ್ಕಿ ತಪ್ಪಿಸೋಕೆ ಎಐ ಬಳಸುತ್ತಾರಾ?

ಬಳಸೋಕೆ ಪ್ರಯತ್ನ ನಡೆದಿದೆ, ಅಗತ್ಯವೂ ಇದೆ. 2009ರ ಫೆಬ್ರವರಿ 10ರಂದು ಇರಿಡಿಯಂ 33 ಉಪಗ್ರಹ ಮತ್ತು ಕೆಲಸ ನಿಲ್ಲಿಸಿದ್ದ ಕಾಸ್ಮಾಸ್ 2251 ಉಪಗ್ರಹ ಸುಮಾರು 790 ಕಿ.ಮೀ. ಎತ್ತರದಲ್ಲಿ ಡಿಕ್ಕಿ ಹೊಡೆದವು. 2019ರ ಸೆಪ್ಟೆಂಬರಿನಲ್ಲಿ ಈಸಾ ತನ್ನ ಅಯೋಲಸ್ ಉಪಗ್ರಹವನ್ನು ಒಂದು ಸ್ಟಾರ್‌ಲಿಂಕ್ ಉಪಗ್ರಹದ ದಾರಿಯಿಂದ ಸರಿಸಬೇಕಾಯಿತು. ಈಗ ಸ್ಟಾರ್‌ಲಿಂಕ್ ಉಪಗ್ರಹಗಳು ತಾವೇ ತಪ್ಪಿಸಿಕೊಳ್ಳುತ್ತವೆ.

ಆದರೆ ಅಪಾಯ ಮುಂದೆ ಏರುತ್ತದಾ ಇಳಿಯುತ್ತದಾ ಅಂತ ಊಹಿಸೋದು ತುಂಬಾ ಕಷ್ಟ. ಈಸಾ 2019ರಲ್ಲಿ ಇದರ ಮೇಲೆ ಸ್ಪರ್ಧೆಯನ್ನೇ ನಡೆಸಿತು. ಕೊನೆಯದಾಗಿ ಬಂದ ಅಪಾಯದ ಅಂಕಿಯೇ ಮುಂದುವರಿಯುತ್ತದೆ ಅನ್ನೋ ಸರಳ ಊಹೆಯನ್ನು ಮೀರಿಸಿದ ತಂಡಗಳು ಕೆಲವೇ.

ನಮ್ಮ ಉಪಗ್ರಹ ಹೊಸದು, ಹಳೆಯ ಡೇಟಾನೇ ಇಲ್ಲ. ಏನು ಮಾಡೋದು?

ನೆಲದ ಪರೀಕ್ಷೆಯ ಡೇಟಾ, ಸಿಮ್ಯುಲೇಟರ್ ಡೇಟಾ, ಅದೇ ಥರದ ಇನ್ನೊಂದು ಉಪಗ್ರಹದ ಡೇಟಾ, ಇವುಗಳಿಂದ ಶುರುಮಾಡಿ. ಅಭ್ಯಾಸಕ್ಕೆ ಈಸಾ 2024ರಲ್ಲಿ ತೆರೆದಿಟ್ಟ ದೋಷ ಪತ್ತೆಯ ಡೇಟಾ ಇದೆ, ಓಪ್ಸ್-ಸ್ಯಾಟ್ ಉಪಗ್ರಹದ ಡೇಟಾವೂ ಇದೆ. ಕಕ್ಷೆಯ ಲೆಕ್ಕಕ್ಕೆ ಓರೆಕಿಟ್, ಟೆಲಿಮೆಟ್ರಿ ನೋಡೋಕೆ ನಾಸಾದ ಓಪನ್ ಎಂಸಿಟಿ, ಎರಡೂ ಉಚಿತ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ದಿನದಿಂದ ಲಾಗ್ ಬರೆಯೋದು. ಏನಾಯಿತು, ಯಾವಾಗ, ಏನು ಮಾಡಿದಿರಿ, ಕೊನೆಗೆ ಕಾರಣ ಏನೆಂದು ತಿಳಿಯಿತು. ಸಮಯ ಎಲ್ಲ ಕಡೆ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ಇರಲಿ. ಎರಡು ವರ್ಷದ ಶಿಸ್ತಾದ ಲಾಗ್ ಇರುವ ತಂಡಕ್ಕೆ ಸಾಧಾರಣ ಮಾದರಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಲಾಗ್ ಇಲ್ಲದವರಿಗೆ ಎಂಥ ಮಾದರಿ ತಂದರೂ ಕಷ್ಟ.

ಆಪರೇಟರ್‌ಗಳ ಕೆಲಸ ಹೋಗುತ್ತಾ?

ಪರದೆ ಮುಂದೆ ಕೂತು ಹಸಿರು ದೀಪ ನೋಡುವ ಕೆಲಸ ಕಡಿಮೆಯಾಗುತ್ತದೆ. ಒಬ್ಬರು ಹತ್ತಾರು ಉಪಗ್ರಹ ನೋಡಿಕೊಳ್ಳೋದು ಆಗಲೇ ಮಾಮೂಲಿಯಾಗಿದೆ. ನನ್ನ ಚಿಂತೆ ಬೇರೆ: ದಿನವೂ ಯಂತ್ರವೇ ಮಾಡುತ್ತಿದ್ದರೆ, ಕೆಟ್ಟ ದಿನದಂದು ಕೈಯಾರೆ ಮಾಡೋಕೆ ಬರುವವರು ಉಳಿಯೋದಿಲ್ಲ. ತಿಂಗಳಿಗೊಮ್ಮೆಯಾದರೂ ಒಂದು ಪಾಸನ್ನು ಎಐ ಇಲ್ಲದೆ ನಡೆಸಿ, ಹೊಸಬರನ್ನು ಮುಂದೆ ಕೂರಿಸಿ.

ಮಾದರಿಯನ್ನು ಒಮ್ಮೆ ಹಾಕಿದರೆ ಮುಗೀತಾ, ಮತ್ತೆ ಮತ್ತೆ ಕಲಿಸಬೇಕಾ?

ಮತ್ತೆ ಮತ್ತೆ ಕಲಿಸಬೇಕು. ಸೌರಫಲಕ ಸವೆಯುತ್ತದೆ, ಬ್ಯಾಟರಿ ಹಳೆಯದಾಗುತ್ತದೆ, ಋತುವಿಗೆ ತಕ್ಕಂತೆ ನೆರಳಿನ ಅವಧಿ ಬದಲಾಗುತ್ತದೆ. ಸೂರ್ಯನ ಆರ್ಭಟವೂ ಇದೆ. 2024ರ ಮೇ 10-11ರ ಭೂಕಾಂತೀಯ ಬಿರುಗಾಳಿ 2003ರ ನಂತರ ಬಂದ ಅತ್ಯಂತ ದೊಡ್ಡದು. ವಾತಾವರಣ ಉಬ್ಬಿ ಕೆಳಕಕ್ಷೆಯ ಉಪಗ್ರಹಗಳ ಎತ್ತರ ಮಾಮೂಲಿಗಿಂತ ಬೇಗ ಇಳಿಯಿತು. ಶಾಂತ ವರ್ಷಗಳಲ್ಲಿ ಕಲಿತ ಮಾದರಿ ಅಂಥ ದಿನವನ್ನು ನೋಡಿಯೇ ಇರೋದಿಲ್ಲ.

ಹೊಸದಾಗಿ ಕಲಿಸಿದ ಮಾದರಿಯನ್ನು ನೇರವಾಗಿ ಕೆಲಸಕ್ಕೆ ಹಚ್ಚಬೇಡಿ. ಕೆಲವು ವಾರ ಹಳೆಯದರ ಪಕ್ಕದಲ್ಲೇ ಮೌನವಾಗಿ ಓಡಲಿ, ಎರಡರ ಉತ್ತರವನ್ನೂ ಬರೆದಿಟ್ಟುಕೊಳ್ಳಿ, ಎಲ್ಲಿ ಬೇರೆಯಾಗುತ್ತವೆ ಅನ್ನೋದನ್ನು ಪಾಳಿಯಲ್ಲಿರುವವರ ಜೊತೆ ಕೂತು ನೋಡಿ. ಅವರು ಸರಿ ಅಂದ ಮೇಲೆ ಬದಲಿಸಿ. ಹಳೆಯ ಮಾದರಿಯನ್ನು ಅಳಿಸಬೇಡಿ, ಒಂದೇ ಕಮಾಂಡಿನಲ್ಲಿ ಹಿಂದಕ್ಕೆ ಹೋಗೋಕೆ ಆಗುವ ಹಾಗೆ ಇಟ್ಟುಕೊಳ್ಳಿ.